ಮೋಟಾರು ಮನೆ ಮುಂದೆ ಬಿಟ್ಟ ಚಪ್ಪಲಿ

ನನ್ನ ಅತ್ತೆಯನ್ನು ನಾನು ಒಂದೇ ಒಂದು ಸಲ ಕೈಯಾರೆ ತಳ್ಳಿ ಕೆಡವಿದ್ದೇನೆ. ತಳ್ಳಬೇಕೆಂದು ಮನಸ್ಸಿಗೆ ಬಂದ ಸಂದರ್ಭಗಳನ್ನು ನೆನೆದರೆ ಹದಿನಾರು ವರ್ಷದಲ್ಲಿ ಒಂದು ಸಲ ಎನ್ನುವುದು ತೀರ ಕಮ್ಮಿ. ಆದರೂ ಯಲ್ಲದಕೆರೆ ಸುತ್ತಮುತ್ತ ಜನ ಈಗಲೂ ನನ್ನನ್ನು ಗುರುತಿಸುವುದು ಆ ಒಂದು ಸಲದಿಂದಲೇ. ಗಂಡನ ಜೀವ ಉಳಿಸಿದವಳು ಎಂದು ಯಾರೂ ಹೇಳುವುದಿಲ್ಲ, ಅತ್ತೆಯನ್ನು ಕೆಸರಿಗೆ ಕೆಡವಿದ ಟೀಚರಮ್ಮ ಎನ್ನುತ್ತಾರೆ. ಊರಿಗೆ ಯಾವುದು ರುಚಿಯೋ ಅದನ್ನೇ ಊರು ನೆನಪಿಟ್ಟುಕೊಳ್ಳುತ್ತದೆ.

ನಾನು ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವಿದ್ಯುತ್ತಿನ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ದೇವರಿಗೇ ಗೊತ್ತು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು, ಬರಿಗಾಲಲ್ಲಿ ನಿಂತು ಕರೆಂಟಿನ ಕೆಲಸ ಮಾಡಬಾರದು ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಲಿ ಬರೆಸಿ, ಪರೀಕ್ಷೆಯಲ್ಲಿ ತಪ್ಪು ಬರೆದವರಿಗೆ ಮಂಗಳಾರತಿ ಎತ್ತಿದವಳು ನಾನು. ಸಂಜೆ ಬಸ್ಸಿಳಿದು ಮನೆ ಸೇರಿದರೆ ಅಲ್ಲಿ ನನ್ನ ಪಾಠಕ್ಕೆ ಕಿಮ್ಮತ್ತಿರಲಿಲ್ಲ. ಮನೆ ನಡೆಯುತ್ತಿದ್ದುದು ಅತ್ತೆಯ ಮಾತಿನ ಮೇಲೆ. ಹೊಲ ನೋಡಿಕೊಳ್ಳುವುದು ನನ್ನ ಗಂಡನಾದರೂ ಹೊಲ ನಡೆಯುತ್ತಿದ್ದುದೂ ಅತ್ತೆಯ ಮಾತಿನ ಮೇಲೆಯೇ.

ನಮ್ಮ ಹೊಲದಲ್ಲಿ ಬೋರು ಕೊರೆಸಿದಾಗ ಮೊದಲ ಎರಡು ಪಾಯಿಂಟಿನಲ್ಲಿ ಬರೀ ಧೂಳು ಎದ್ದಿತ್ತು. ಮೂರನೆಯದರಲ್ಲಿ ನೀರು ಚಿಮ್ಮಿದಾಗ ಅತ್ತೆ ಆ ಕೆಸರು ನೀರನ್ನೇ ತಲೆಗೆ ಪ್ರೋಕ್ಷಿಸಿಕೊಂಡು ಅತ್ತರಂತೆ. ಅದರ ಪಕ್ಕ ಇಟ್ಟಿಗೆಯಲ್ಲಿ ಕಟ್ಟಿ ತಗಡು ಹೊದಿಸಿದ ಆಳೆತ್ತರದ ಗೂಡನ್ನು ಉಳಿದವರು ಮೋಟಾರು ಮನೆ ಎಂದರೆ ಅತ್ತೆಗೆ ಅದು ಗಂಗಮ್ಮನ ಗುಡಿ. ಗುಡಿಯೊಳಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದುಂಟೆ? ಹಾಗಾಗಿ ಸ್ಟಾರ್ಟರಿನ ಗುಂಡಿ ಒತ್ತಲು ಹೋಗುವವರೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಹೋಗಿ, ಗುಂಡಿಗೆ ಒಮ್ಮೆ ಕೈ ಮುಗಿದು ಒತ್ತಬೇಕು. ಇದು ನಮ್ಮೊಬ್ಬರ ಹುಚ್ಚೇನಲ್ಲ. ನಮ್ಮ ಕಡೆ ಎಷ್ಟೋ ಮೋಟಾರು ಮನೆಗಳ ಮುಂದೆ ಚಪ್ಪಲಿ ಬಿಟ್ಟಿರುವುದನ್ನು ನೋಡಿದ್ದೇನೆ.

ಸ್ಟಾರ್ಟರಿನ ಡಬ್ಬಿಯ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಆಯುಧಪೂಜೆಯಲ್ಲಿ ಹಾಕಿದ ಚೆಂಡುಹೂವಿನ ಹಾರ ಒಣಗಿ ಮುಂದಿನ ಆಯುಧಪೂಜೆಯವರೆಗೂ ಫ್ಯೂಜಿನ ಮೇಲೆ ನೇತಾಡುತ್ತಿರುತ್ತಿತ್ತು. ಪ್ರತಿ ಸೋಮವಾರ ಅತ್ತೆ ಒದ್ದೆ ಬಟ್ಟೆ ತಂದು ಆ ಡಬ್ಬಿಯನ್ನು ಮಗುವಿನ ಮುಖ ಒರೆಸುವಂತೆ ಒರೆಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಇದು ಅಪಾಯ ಎಂದು ಹೇಳಲು ಹೋಗಿ, ನಿನ್ನ ಇಸ್ಕೂಲನ್ನು ಇಸ್ಕೂಲಲ್ಲೇ ಇಟ್ಕ ಎಂದು ಅನ್ನಿಸಿಕೊಂಡು ಬಂದಿದ್ದೆ. ಇನ್ನು ನನ್ನ ಗಂಡ. ಅರ್ಥಿಂಗಿಗೆಂದು ಎಲೆಕ್ಟ್ರಿಷಿಯನ್ ನೆಲಕ್ಕಿಳಿಸಿದ್ದ ತಂತಿಯನ್ನು ಇದೇನು ಸುಮ್ಮನೆ ಬಿದ್ದೈತೆ ಎಂದು ಕತ್ತರಿಸಿ, ಹೊಲದ ಗೇಟು ಬೀಳದಂತೆ ಬಿಗಿದು ಕಟ್ಟಿದ್ದ ಪುಣ್ಯಾತ್ಮ. ತಾಯಿಗೆ ಗಂಗಮ್ಮ ಇದ್ದಳು, ಮಗನಿಗೆ ಗೇಟು ಇತ್ತು. ನನಗಿದ್ದದ್ದು ಬರೀ ಡಿಗ್ರಿ.

ಹೀಗಿರುವಾಗ ಶಾಲೆಯಿಂದ ನನ್ನನ್ನು ಚಿತ್ರದುರ್ಗಕ್ಕೆ ಎರಡು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ಕಳಿಸಿದರು. ಹೋಗಲು ಬೇರೆ ಯಾರೂ ಒಪ್ಪಿರಲಿಲ್ಲ, ಅದಕ್ಕೆ ನನ್ನನ್ನು ಕಳಿಸಿದ್ದು. ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾದ ಒಬ್ಬರು ಪಾಠ ಮಾಡಿದರು. ಕೈಕಾಲಿಲ್ಲದ, ಎದೆ ಮತ್ತು ತಲೆ ಮಾತ್ರ ಇದ್ದ ಒಂದು ರಬ್ಬರ್ ಬೊಂಬೆ ತಂದು ಮೇಜಿನ ಮೇಲೆ ಮಲಗಿಸಿದ್ದರು. ಅದರ ಎದೆ ಒತ್ತಲು ಕರೆದರೆ ಹೆಂಗಸರೆಲ್ಲ ನಾಚಿದೆವು. ಹೊಸದುರ್ಗದ ಕಡೆಯ ಒಬ್ಬ ದೈಹಿಕ ಶಿಕ್ಷಕರು ನಾಚಿಕೊಳ್ಳದೆ ಒತ್ತಿದ ಹೊಡೆತಕ್ಕೆ ಬೊಂಬೆಯ ತಲೆ ಕಳಚಿ ಉರುಳಿ ಹೊಳಲ್ಕೆರೆಯ ಹೆಡ್‌ಮಾಸ್ಟರ ಕಾಲ ಬಳಿ ಹೋಗಿ ನಿಂತಿತು. ಅವರು ಅದನ್ನು ಎತ್ತಿಕೊಡಲೂ ಹೆದರಿದರು.

ಆ ಅಗ್ನಿಶಾಮಕದವರು ಮೊದಲು ಕೇಳಿದ ಪ್ರಶ್ನೆ ಇದು: ಕರೆಂಟು ಹಿಡಿದುಕೊಂಡವನನ್ನು ಕಂಡರೆ ಏನು ಮಾಡುತ್ತೀರಿ? ಓಡಿಹೋಗಿ ಎಳೆಯುತ್ತೇವೆ ಎಂದೆವು, ಮೂವತ್ತು ಜನ ಒಂದೇ ಬಾಯಲ್ಲಿ. "ಹಂಗಾರೆ ಒಂದರ ಪಕ್ಕ ಇನ್ನೊಂದು ಹೆಣ. ಮೊದಲು ನಿಲ್ರಿ. ಮುಟ್ಟಬ್ಯಾಡ್ರಿ. ಕರೆಂಟು ತೆಗೀರಿ. ಆಮೇಲೆ ಬೇಕಾದ್ರೆ ಅಳ್ರಿ," ಎಂದರು ಅವರು. ಕರೆಂಟು ತೆಗೆಯಲು ಆಗದಿದ್ದರೆ ಒಣಗಿದ ಕೋಲೋ ಮರದ ಹಲಗೆಯೋ ಹುಡುಕಬೇಕು, ಕಾಲ ಕೆಳಗೆ ಒಣಗಿದ್ದೇನಾದರೂ ಇರಬೇಕು, ದೊಡ್ಡ ಲೈನಿನ ತಂತಿ ಹರಿದು ಬಿದ್ದಿದ್ದರೆ ಕೋಲೂ ಬೇಡ ಏನೂ ಬೇಡ, ದೂರ ನಿಂತು ಕರೆಂಟಿನವರಿಗೆ ಫೋನು ಮಾಡಬೇಕು. ನನಗೆ ಆ ಪಾಠ ಬಹಳ ಹಿಡಿಸಿತು. ಹುಟ್ಟಿದಾಗಿನಿಂದ ಪುಕ್ಕಲಿ ಎಂದು ಬೈಸಿಕೊಂಡವಳಿಗೆ, ಮೊದಲು ನಿನ್ನ ಜೀವ ನೋಡಿಕೋ ಎಂದು ಸರ್ಕಾರದ ಖರ್ಚಿನಲ್ಲಿ ಊಟ ಹಾಕಿ ಹೇಳಿದರೆ ಹಿಡಿಸದೆ ಇರುತ್ತದೆಯೆ?

ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಗಂಡ ಮುದ್ದೆ ಮುರಿಯುತ್ತ ಹೂಂಗುಟ್ಟಿದರು. ಅತ್ತೆ ಮಾತ್ರ ಕೈ ತೊಳೆದು ಎದ್ದು, ಕಣ್ಣೆದುರು ಮಗ ಸಾಯುತ್ತಿದ್ದರೆ ಕೋಲು ಹುಡುಕುತ್ತ ಹೋಗುವವಳು ಹೆತ್ತವಳೇ ಅಲ್ಲ ಎಂದು ನನಗೆ ಕೇಳಿಸಲೆಂದೇ ಗೋಡೆಗೆ ಹೇಳಿದರು.

ಅದು ನಡೆದದ್ದು ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ. ಈರುಳ್ಳಿ ಕಿತ್ತು ಬೇವಿನ ಮರದ ಕೆಳಗೆ ರಾಶಿ ಹಾಕಿದ್ದೆವು. ಅತ್ತೆಯೂ ನಾನೂ ಎದುರುಬದುರು ಕೂತು ಗಡ್ಡೆಯಿಂದ ತಾಳು ಕೊಯ್ಯುತ್ತಿದ್ದೆವು. ಪಕ್ಕದ ಹೊಲದಲ್ಲಿ ಕುರಿಗಳ ಅಜ್ಜ ಮಂದೆ ಮೇಯಿಸುತ್ತಿದ್ದ. ಗೊಬ್ಬರಕ್ಕೆಂದು ವರ್ಷವೂ ನಮ್ಮ ಹೊಲದಲ್ಲಿ ಅವನ ಕುರಿ ನಿಲ್ಲಿಸುತ್ತೇವೆ, ಹಾಗಾಗಿ ಮನೆಯವನೇ. ಬೆಳಗಿನ ಪಾಳಿಯ ಮೂರು ಫೇಸು ಕರೆಂಟು ಬಂದಿತ್ತು. ಮೋಟಾರು ಮಾತ್ರ ಆನಾಗುವುದು, ಒಂದು ನಿಮಿಷಕ್ಕೆ ಟ್ರಿಪ್ಪಾಗುವುದು. ಗಂಡ ಮೂರು ಸಲ ಹೋಗಿ ಬಂದು, ನಾಲ್ಕನೇ ಸಲ ಇವತ್ತು ಇದರ ಜನ್ಮ ಜಾಲಾಡುತ್ತೇನೆ ಎಂದು ಬೈಯುತ್ತ ಹೋದರು. ಮೋಟಾರು ಮನೆಯ ಪಕ್ಕದ ಪೈಪಿನ ಗೇಟ್ ವಾಲು ಆರು ತಿಂಗಳಿಂದ ಸೋರುತ್ತಿತ್ತು. ಒಳಗೂ ಹೊರಗೂ ಕೆಸರು.

ಆಮೇಲೆ ಕೂಗೇನೂ ಕೇಳಲಿಲ್ಲ. ಕರೆಂಟು ಹಿಡಿದವರು ಕೂಗುತ್ತಾರೆ ಎಂದುಕೊಂಡಿದ್ದೆ, ಅದು ಸುಳ್ಳು. ಹಲ್ಲು ಕಚ್ಚಿಕೊಂಡಾಗ ಗಂಟಲಿನಿಂದ ಬರುವಂಥ ಒಂದು ಸದ್ದು ಕೇಳಿತು, ಅಷ್ಟೆ. ತಲೆಯೆತ್ತಿದರೆ, ತೆರೆದ ಬಾಗಿಲಲ್ಲಿ ಗಂಡನ ಬೆನ್ನು ಕಾಣುತ್ತಿತ್ತು. ಬಲಗೈ ಸ್ಟಾರ್ಟರಿನ ಡಬ್ಬಿಯೊಳಗೆ, ಮೈಯೆಲ್ಲ ಸಣ್ಣಗೆ ನಡುಗುತ್ತಿದೆ. ಕೈ ಬಿಡಬೇಕೆಂದರೂ ಬಿಡಲಾಗದಂತೆ ಮುಷ್ಟಿ ತಾನಾಗಿ ಬಿಗಿದುಕೊಂಡಿತ್ತು.

ನಾನು ಏಳುವ ಮೊದಲೇ ಅತ್ತೆ ಓಡಿದ್ದರು. ಮಂಡಿನೋವು ಎಂದು ಮೂರು ವರ್ಷದಿಂದ ನನ್ನ ಕೈಲಿ ಎಣ್ಣೆ ತಿಕ್ಕಿಸಿಕೊಂಡ ಹೆಂಗಸು ಕುಡುಗೋಲು ಬಿಸಾಕಿ ಕರುವಿನಂತೆ ನೆಗೆದು ಹೋದರು. ಹಿಂದೆ ನಾನು. ನನಗೂ ಅವರಿಗೂ ಹತ್ತು ಮಾರು ಅಂತರ. ಅವರು ಹೋಗಿ ಮುಟ್ಟುತ್ತಾರೆ, ಮುಟ್ಟಿದರೆ ಅವರೂ ಹೋದರು ಎನ್ನುವುದು ನನಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿತ್ತು. ಕೂಗಿದೆ. ಅವರು ಕೇಳಲಿಲ್ಲ. ನಾನು ಅವರನ್ನು ಹಿಡಿಯುವ ಸಾಧ್ಯತೆಯೇ ಇರಲಿಲ್ಲ.

ಆದರೆ ಮೋಟಾರು ಮನೆಯ ಬಾಗಿಲಿಗೆ ಬಂದ ಅತ್ತೆ ನಿಂತರು. ನಿಂತು ಚಪ್ಪಲಿ ಬಿಟ್ಟರು.

ಒಳಗೆ ಹೆತ್ತ ಮಗ ಕರೆಂಟು ಹಿಡಿದುಕೊಂಡು ನಡುಗುತ್ತಿದ್ದಾನೆ, ಇವರು ಹೊರಗೆ ನಿಂತು ಚಪ್ಪಲಿ ಬಿಡುತ್ತಿದ್ದಾರೆ. ಬಲಗಾಲಿನದು ಸಲೀಸಾಗಿ ಬಂತು. ಎಡಗಾಲಿನದು ಕೆಸರಿಗೆ ಅಂಟಿಕೊಂಡು ಬರಲಿಲ್ಲ, ಬಗ್ಗಿ ಕೈಯಿಂದ ಎಳೆದರು. ಅಷ್ಟರಲ್ಲಿ ನಾನು ಅವರನ್ನು ಮುಟ್ಟಿದೆ. ಮುಟ್ಟಿದೆ ಎಂದರೆ ಸಂಭಾವಿತರ ಮಾತಾಯಿತು, ಎರಡೂ ಕೈಯಿಂದ ಸೊಂಟಕ್ಕೆ ಹಾಕಿ ತಳ್ಳಿದೆ. ಅವರು ಪಕ್ಕದ ಕೆಸರಿನಲ್ಲಿ ಮಕಾಡೆ ಬಿದ್ದರು. ಮತ್ತೆ ಏಳಲು ನೋಡಿದಾಗ ಬೆನ್ನ ಮೇಲೆ ಮಂಡಿಯೂರಿದೆ ಎಂದು ಊರಿನವರು ಹೇಳುತ್ತಾರೆ. ನನಗೆ ಅದು ನೆನಪಿಲ್ಲ, ಆದರೆ ಅಲ್ಲಗಳೆಯುವುದಿಲ್ಲ.

"ಮುಟ್ಟಬ್ಯಾಡ್ರಿ ಅತ್ತೆ. ಮುಟ್ಟಿದ್ರೆ ನೀವೂ ಹೋಗ್ತೀರಿ," ಎಂದೆ. ಅವರು ನನ್ನ ಇಡೀ ವಂಶವನ್ನು ಬೈದರು.

ಮೇನ್ ಸ್ವಿಚ್ಚು ಒಳಗಡೆ, ಸ್ಟಾರ್ಟರಿನ ಮೇಲ್ಗಡೆಯೇ ಇತ್ತು. ಗಂಡನನ್ನು ದಾಟದೆ ಕೈ ಹೋಗುವುದಿಲ್ಲ. ಕುರಿಗಳ ಅಜ್ಜ ಅಷ್ಟರಲ್ಲಿ ಓಡಿ ಬಂದಿದ್ದ, ಕೈಯಲ್ಲಿ ದೋಟಿ. ಜಾಲಿ ಮರದ ಕೊಂಬೆ ಬಗ್ಗಿಸಿ ಕುರಿಗೆ ಸೊಪ್ಪು ಕೊಯ್ಯುವ ಉದ್ದನೆಯ ಬಿದಿರಿನ ಗಳ ಅದು, ತುದಿಗೆ ಕುಡುಗೋಲು ಕಟ್ಟಿರುತ್ತದೆ. ಅಜ್ಜ ಅದೇ ಕಬ್ಬಿಣದ ತುದಿಯನ್ನು ಮುಂದೆ ಮಾಡಿಕೊಂಡು ಒಳಗೆ ನುಗ್ಗಲು ನೋಡಿದ. ನಾನು ಕಿತ್ತುಕೊಂಡು, ತಿರುಗಿಸಿ, ಒಣಗಿದ ಬಿದಿರಿನ ತುದಿಯನ್ನು ಒಳಗೆ ಚಾಚಿ, ಅತ್ತೆಗೆ ಅಡ್ಡವಾಗಿ ಬಾಗಿಲಿನ ಹೊರಗೇ ನಿಂತು ಮೇನಿನ ಹಿಡಿಕೆಯನ್ನು ಕೆಳಕ್ಕೆ ತಳ್ಳಿದೆ. ಮೊದಲ ಸಲ ಚೆಂಡುಹೂವಿನ ಹಾರ ಉದುರಿತು. ಎರಡನೇ ಸಲ ಗೋಡೆಗೆ ತಾಗಿತು. ಮೂರನೇ ಸಲ ಹಿಡಿಕೆ ಕಟಕ್ಕೆಂದು ಇಳಿಯಿತು. ಗಂಡ ಬುಡ ಕಡಿದ ಬಾಳೆಯಂತೆ ಬಿದ್ದರು.

ಎಳೆದು ಹೊರಗೆ ಹಾಕಿದೆವು. ಕರೆದರೆ ಓಗೊಡಲಿಲ್ಲ. ಎದೆ ಏರಿಳಿಯುತ್ತಿರಲಿಲ್ಲ, ಮೂಗಿನ ಹತ್ತಿರ ಕೆನ್ನೆ ಇಟ್ಟರೆ ಗಾಳಿ ತಾಗಲಿಲ್ಲ. ನನಗೆ ಆಗ ಆದ ಭಯವನ್ನು ಹಾಸ್ಯ ಮಾಡಿ ಹೇಳಲು ಇವತ್ತಿಗೂ ಬರುವುದಿಲ್ಲ. ಹದಿನಾರು ವರ್ಷ ಜಗಳವಾಡಿದ ಮನುಷ್ಯ, ಬೆಳಿಗ್ಗೆ ತಾನೆ ಚಹಾದಲ್ಲಿ ಸಕ್ಕರೆ ಇಲ್ಲವೆಂದು ಮುಖ ಸಿಂಡರಿಸಿದ್ದ ಮನುಷ್ಯ, ನೀಲಿಗಟ್ಟಿದ ತುಟಿಯಲ್ಲಿ ಸುಮ್ಮನೆ ಮಲಗಿದ್ದರು.

ಕೂಗು ಕೇಳಿ ಆಚೆ ಹೊಲದ ರೈತ ಸಲಿಕೆ ಹಿಡಿದುಕೊಂಡು ಬಂದ. ಬಂದವನೇ ಗುಂಡಿ ತೋಡಲು ಶುರುಮಾಡಿದ. ಕರೆಂಟು ಹೊಡೆದವರನ್ನು ಕುತ್ತಿಗೆಯವರೆಗೆ ಹೂತರೆ ಮಣ್ಣು ಕರೆಂಟು ಎಳೆದುಕೊಳ್ಳುತ್ತದೆ ಎನ್ನುವುದು ನಮ್ಮ ಕಡೆಯ ಹಳೆಯ ವೈದ್ಯ. ಒದ್ದೆ ಮಣ್ಣಿನ ಮೇಲೆ ನಿಂತಿದ್ದಕ್ಕೇ ಇವರಿಗೆ ಈ ಗತಿ ಬಂದಿದ್ದು, ಇನ್ನು ಮಣ್ಣೊಳಗೆ ಹೂತು ಸಾಧಿಸುವುದೇನು? ಹೂಳುವುದು ಸತ್ತ ಮೇಲೆ ಇದ್ದೇ ಇದೆ, ಈಗ ಸಲಿಕೆ ಬಿಸಾಕಿ ನೂರಾ ಎಂಟಕ್ಕೆ ಫೋನು ಮಾಡು ಎಂದು ನಾನು ಅವನಿಗೆ ಹೇಳಿದ್ದನ್ನು ಅಚ್ಚು ಹಾಕುವಂಥ ಕನ್ನಡದಲ್ಲಿ ಹೇಳಿರಲಿಲ್ಲ. ಅವನು ಮಾಡಿದ.

ನಾನು ಎದೆಯ ನಟ್ಟನಡುವೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ ಒತ್ತತೊಡಗಿದೆ. ಜೋರಾಗಿ, ಬೇಗಬೇಗ, ಮೂವತ್ತು ಸಲ. ಆಮೇಲೆ ತಲೆ ಹಿಂದಕ್ಕೆ ವಾಲಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಿದೆ. ಅತ್ತೆಯೆದುರು ಗಂಡನ ಪಕ್ಕ ಕೂರಲೂ ಸಂಕೋಚಪಡುತ್ತಿದ್ದವಳು ನಾನು. ಈಗ ಅತ್ತೆ, ಅಜ್ಜ, ಸಲಿಕೆಯವನು, ಇನ್ನೂರು ಕುರಿ, ಎಲ್ಲರೆದುರು. ಸಲಿಕೆಯವನು ಮರ್ಯಾದೆಗೆಂದು ಆ ಕಡೆ ತಿರುಗಿ ನಿಂತ. ಕುರಿಗಳು ನೋಡುತ್ತಿದ್ದವು.

ಅತ್ತೆ ಕೆಸರಿನಿಂದ ಎದ್ದು ಬಂದು ನನ್ನ ಹೆಗಲು ಹಿಡಿದೆಳೆದರು. "ನನ್ನ ಮಗನ ಎದೆ ಮುರಿತೀಯೇನೆ," ಎಂದು ಕೇಳಿದರು. ಮುರಿಯುತ್ತದೆ ಎಂದು ತರಬೇತಿಯಲ್ಲೇ ಹೇಳಿದ್ದರು, ಮುರಿದ ಎಲುಬು ಕೂಡುತ್ತದೆ, ಹೋದ ಜೀವ ಕೂಡುವುದಿಲ್ಲ ಎಂದೂ ಹೇಳಿದ್ದರು. ಅದನ್ನೆಲ್ಲ ವಿವರಿಸಲು ನನಗೆ ಉಸಿರಿರಲಿಲ್ಲ. ಎಣಿಸುತ್ತಲೇ ಇದ್ದೆ. ನಾಲ್ಕನೇ ಸುತ್ತೋ ಐದನೆಯದೋ, ಒಳಗೆ ಏನೋ ಲಟಕ್ಕೆಂದಿತು. ಅತ್ತೆಯೂ ಕೇಳಿಸಿಕೊಂಡರು. ಅದಾಗಿ ಸ್ವಲ್ಪ ಹೊತ್ತಿಗೆ ಗಂಡ ಮುಳುಗಿ ಎದ್ದವರ ಹಾಗೆ ಒಮ್ಮೆ ಗಾಳಿ ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆ. ಯಾರೋ ನೀರು ತಂದರು, ಬಾಯಿಗೆ ಹಾಕಲು ಬಿಡದೆ ಅದನ್ನು ನಾನೇ ಕುಡಿದೆ.

ಆಂಬುಲೆನ್ಸು ಬರುವಷ್ಟರಲ್ಲಿ ಕಣ್ಣು ಬಿಟ್ಟಿದ್ದರು. ಸಾವಿನ ಬಾಯಿಂದ ಬಂದ ಮನುಷ್ಯ ಮೊದಲು ಆಡಿದ ಮಾತು, "ಮೋಟ್ರು ಆನಾತೇನೆ?" ಎಂದು. ಆಗ ನಾನು ಅತ್ತುಬಿಟ್ಟೆ. ಕರೆಂಟು ತೆಗೆದ ಮೇಲೆ ಅಳಬಹುದು ಎಂದು ಅಗ್ನಿಶಾಮಕದವರು ಅನುಮತಿ ಕೊಟ್ಟಿದ್ದರಲ್ಲ.

ಎದ್ದು ಕೂತನಲ್ಲ, ಇನ್ನೇನು ಆಸ್ಪತ್ರೆ ಎಂದು ಸಲಿಕೆಯವನು ಸಲಹೆ ಕೊಟ್ಟ. ನಾನು ಕೇಳಲಿಲ್ಲ. ಹಿರಿಯೂರಿನಲ್ಲಿ ನೋಡಿ ಚಿತ್ರದುರ್ಗಕ್ಕೆ ಕಳಿಸಿದರು. ಕರೆಂಟು ಒಳಗೊಳಗೇ ಸುಟ್ಟಿರುತ್ತದೆ, ಹೃದಯದ ಬಡಿತ ಆಮೇಲೂ ತಪ್ಪಬಹುದು ಎಂದು ಅಲ್ಲಿ ಎರಡು ದಿನ ಎದೆಗೆ ವೈರು ಅಂಟಿಸಿ ಮಲಗಿಸಿಕೊಂಡರು. ಅಂಗೈಯಲ್ಲಿ ಒಂದು ಸುಟ್ಟ ಗಾಯ, ಪಾದದಲ್ಲಿ ಒಂದು, ಒಂದು ಪಕ್ಕೆಲುಬು ಬಿರುಕು. ಕರೆಂಟು ಮಾಡಿದ್ದು ಎರಡು, ಸೊಸೆ ಮಾಡಿದ್ದು ಒಂದು ಎಂದು ನೋಡಲು ಬಂದವರಿಗೆಲ್ಲ ಅತ್ತೆ ವರದಿ ಒಪ್ಪಿಸಿದರು.

ಎರಡನೇ ದಿನ ನಾವಿಬ್ಬರೇ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಚಪ್ಪಲಿ ಬಿಡುವುದಕ್ಕೆ ನೀವು ಅಲ್ಲಿ ನಿಂತದ್ದಾದರೂ ಹೇಗೆ ಎಂದು ನಾನು ಕೇಳಿಯೇಬಿಟ್ಟೆ. ನಗಬೇಕೆಂದೇ ಕೇಳಿದ್ದು. ಅತ್ತೆ ನಗಲಿಲ್ಲ. "ಗಂಗವ್ವನೇ ನಿಲ್ಲಿಸಿದ್ಳು ಕಣೆ. ನಿಲ್ದೇ ಇದ್ದಿದ್ರೆ ನೀನು ನನ್ನ ಎಲ್ಲಿ ಹಿಡಿತಿದ್ದೆ?" ಎಂದರು. ಮಗನನ್ನು ಬರಿಗಾಲಲ್ಲಿ ನಿಲ್ಲಿಸಿ ಕರೆಂಟಿನ ಬಾಯಿಗೆ ಕೊಟ್ಟದ್ದು ಆ ಪದ್ಧತಿಯೇ. ತಾಯಿಯನ್ನು ಅರೆಕ್ಷಣ ತಡೆದು ಉಳಿಸಿಕೊಂಡದ್ದೂ ಅದೇ. ವಿಜ್ಞಾನದ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಕೇಳುವುದಿಲ್ಲ.

ಡಿಸ್ಚಾರ್ಜು ಮಾಡಿಸಿಕೊಂಡು ಊರಿಗೆ ಬಂದ ಸಂಜೆ, ಗಂಡನನ್ನು ಮನೆಯಲ್ಲಿ ಮಲಗಿಸಿ ನಾನೂ ಅತ್ತೆಯೂ ಹೊಲಕ್ಕೆ ಹೋದೆವು. ಆ ದಿನ ಆಸ್ಪತ್ರೆಗೆ ಹೋದ ಗಡಿಬಿಡಿಯಲ್ಲಿ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಮೋಟಾರು ಮನೆಯ ಮುಂದೆ ಚಪ್ಪಲಿಗಳು ಹಾಗೆಯೇ ಇದ್ದವು. ಗಂಡನವು, ಒಂದು ಅಲ್ಲಿ ಒಂದು ಇಲ್ಲಿ. ಅತ್ತೆಯವು, ಒಂದು ನೆಟ್ಟಗೆ, ಒಂದು ಮಗುಚಿ. ಅವುಗಳ ಪಕ್ಕದಲ್ಲಿ ಇನ್ನೊಂದು ಜೊತೆ, ನೀಲಿ ಪಟ್ಟಿಯದು, ಹೊಸ್ತಿಲಿಗೆ ಮುಖ ಮಾಡಿ ನೀಟಾಗಿ ಜೋಡಿಸಿಟ್ಟಂತೆ ಬಿಟ್ಟಿತ್ತು.

ನನ್ನವು.

ಆಸ್ಪತ್ರೆಯಲ್ಲಿ ನಾನೂ ಅತ್ತೆಯೂ ಬರಿಗಾಲಲ್ಲಿದ್ದೆವು, ಹೊಲಕ್ಕೆ ಬಂದದ್ದೂ ಹಾಗೆಯೇ. ಓಡುವಾಗ ಎಲ್ಲೋ ಕಳಚಿ ಬಿದ್ದಿರಬೇಕು ಎಂದುಕೊಂಡಿದ್ದೆ. ಓಡುವಾಗ ಕಳಚಿದ ಚಪ್ಪಲಿ ಹೀಗೆ ಜೋಡಿಯಾಗಿ ಕೂರುವುದಿಲ್ಲ. ಮೇನ್ ಇಳಿಸಿದ ಮೇಲೆ, ಅವರನ್ನು ಎಳೆಯಲು ಒಳಗೆ ಹೋಗುವಾಗ ಬಿಟ್ಟಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕುರಿಗಳ ಅಜ್ಜ ದೋಟಿ ಕೇಳಲು ಬಂದ. ಅವನನ್ನು ಕೇಳಿದೆ.

"ಇಲ್ಲವ್ವ, ಕೋಲು ಇಸ್ಕಂಡ್ರಿ, ಚಪ್ಲಿ ಬಿಟ್ರಿ, ಆಮ್ಯಾಕೆ ಚುಚ್ಚಿದ್ರಿ. ಹಂಗೇ ಮಾಡಬೇಕೇನೋ, ಟೀಚರಮ್ಮಂಗೆ ಗೊತ್ತಿರತೈತೆ ಅಂತ ನಾನು ಸುಮ್ನಿದ್ದೆ," ಎಂದ.

ಒದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಮೇನಿಗೆ ಕೋಲು ಚುಚ್ಚಿದ್ದೆ. ಬಿದಿರು ಒಣಗಿತ್ತು, ಅಷ್ಟಕ್ಕೆ ಬದುಕಿದ್ದೆ. ಎರಡು ದಿನದ ತರಬೇತಿ, ಇಷ್ಟು ವರ್ಷದ ಪಾಠ, ಅತ್ತೆಯ ಮೇಲೆ ಹೊತ್ತುಕೊಂಡಿದ್ದ ತಿರಸ್ಕಾರ, ಎಲ್ಲ ಆ ಹೊಸ್ತಿಲ ಹೊರಗೆ ನೀಲಿ ಪಟ್ಟಿಯ ಜೊತೆ ಕೂತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಅತ್ತೆ ಆಗ ಅಂದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಹದಿನಾರು ವರ್ಷ ಅವರು ಕಾದಿದ್ದ ಸಮಯ ಅದು.

ಅತ್ತೆ ನನ್ನ ಮುಖವನ್ನೂ ಆ ಚಪ್ಪಲಿಯನ್ನೂ ಒಂದೆರಡು ಸಲ ನೋಡಿದರು. ಆಮೇಲೆ ನನ್ನ ಚಪ್ಪಲಿ ಎತ್ತಿಕೊಂಡು, ಸೆರಗಿನಿಂದ ಕೆಸರು ಒರೆಸಿ, ನನ್ನ ಕಾಲ ಮುಂದೆ ಇಟ್ಟರು. ಸೊಸೆಯ ಚಪ್ಪಲಿಯನ್ನು ಅತ್ತೆ ಸೆರಗಿನಿಂದ ಒರೆಸುವುದನ್ನು ನೋಡಿ ಅಜ್ಜ ದೋಟಿ ತೆಗೆದುಕೊಂಡು ಬೇಗ ಜಾಗ ಖಾಲಿ ಮಾಡಿದ. ತಮ್ಮವನ್ನೂ ಕೊಡವಿ ಮೆಟ್ಟಿಕೊಂಡ ಅತ್ತೆ, ಬಾಗಿಲ ಕಡೆ ತಿರುಗಿ ಎರಡೂ ಕೆನ್ನೆಗೆ ಹೊಡೆದುಕೊಂಡು, "ತಪ್ಪಾತು ಕಣವ್ವ, ಹೊಟ್ಟೆಗಾಕ್ಕ," ಎಂದು ಗಂಗಮ್ಮನಿಗೆ ಹೇಳಿದರು.

ಹೇಳಿ, ಚಪ್ಪಲಿ ಕಾಲಲ್ಲೇ ಹೊಸ್ತಿಲು ದಾಟಿದರು. ಹಿಂದೆ ನಾನೂ ನನ್ನವನ್ನು ಮೆಟ್ಟಿಕೊಂಡು ದಾಟಿದೆ.